ಚಿಕ್ಕವಳ ಆರ್ಕಿಡ್

ಎರಡು ಚಮಚ ಉಪ್ಪು ಲೋಟದ ನೀರಿನಲ್ಲಿ ಪೂರ್ತಿ ಕರಗುವವರೆಗೆ ದೊಡ್ಡ ಮಗಳು ಕದಡಿದಳು. ಚಮಚ ಲೋಟಕ್ಕೆ ತಾಗಿ ಸದ್ದಾಗಬಾರದು. ಇದು ಎರಡನೆಯ ವಾರ, ಕೈ ಪಳಗಿತ್ತು.

"ಗಿಡಕ್ಕೆ ನೀರು ಹಾಕಿದ್ಯೇನೇ?" ಕೋಣೆಯಿಂದ ಅಮ್ಮನ ದನಿ.

"ಹಾಕ್ತಾ ಇದ್ದೀನಮ್ಮ."

"ನೀನೇ ಹಾಕು. ನಿನ್ನ ಕೈ ತಾಗಿದ್ರೇನೇ ಅದಕ್ಕೆ ಜೀವ."

ಹೌದು, ಚಾಕರಿಗೆಲ್ಲ ನನ್ನ ಕೈಯೇ ಬೇಕು, ಎಂದುಕೊಂಡು ಅವಳು ಕಿಟಕಿಯಲ್ಲಿದ್ದ ಆರ್ಕಿಡ್ ಕುಂಡಕ್ಕೆ ಲೋಟ ಬಗ್ಗಿಸಿದಳು. ಉಪ್ಪು ನೀರು ಮಾತ್ರ ಹಾಕಬೇಡಿ, ಬೇರು ಸುಟ್ಟುಹೋಗುತ್ತೆ ಎಂದು ಹೂವಿನಂಗಡಿಯವನು ಒತ್ತಿ ಒತ್ತಿ ಹೇಳಿದ್ದ. ಒಳ್ಳೆಯ ಸಲಹೆ ಯಾವಾಗ ಉಪಯೋಗಕ್ಕೆ ಬರುತ್ತದೋ ಹೇಳಲಾಗದು.

ಅಮ್ಮ ಜಾರಿ ಬಿದ್ದು, ಮುರಿದ ಮಣಿಕಟ್ಟಿಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ದಿನ ಆರ್ಕಿಡ್ ಕೊಡಬೇಕೆಂಬುದು ದೊಡ್ಡವಳ ಯೋಚನೆಯಾಗಿತ್ತು. ಅರ್ಧ ದಿನ ರಜೆ ಹಾಕಿ, ಅಂಗಡಿಯಲ್ಲಿ ಒಂದೊಂದೇ ಕುಂಡ ಎತ್ತಿ, ಬೇರು ಹಸಿರಾಗಿದೆಯೇ ಎಂದು ನೋಡಿ ಆರಿಸಿದ್ದಳು. ಬಾಯಿ ತಡೆಯದೆ ತಂಗಿಗೂ ಹೇಳಿದ್ದೇ ತಪ್ಪಾಯಿತು. ದೂರದ ಊರಿನಲ್ಲಿದ್ದ ಚಿಕ್ಕವಳು ಅದೇ ಅಂಗಡಿಗೆ ಫೋನ್ ಮಾಡಿ, ಅಂಥದ್ದೇ ಬಿಳಿ ಹೂವಿನ ಗಿಡ, ಅಂಥದ್ದೇ ಕುಂಡ ಕಳಿಸಿಬಿಟ್ಟಳು. ಅಮ್ಮ ಎರಡನ್ನೂ ಕಿಟಕಿಯಲ್ಲಿ ಅಕ್ಕಪಕ್ಕ ಇರಿಸಿಕೊಂಡರು.

ತಿಂಗಳಾಗುವಷ್ಟರಲ್ಲಿ ಅಲ್ಲಿ ಒಂದೇ ಕುಂಡ ಉಳಿದಿತ್ತು.

"ಇನ್ನೊಂದು ಕೊಳೆತುಹೋಯ್ತು. ಬಿಸಾಕಿದೆ," ಎಂದರು ಅಮ್ಮ.

ಯಾರದ್ದೆಂದು ದೊಡ್ಡವಳು ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಆ ಭಾನುವಾರ ವಿಡಿಯೋ ಕರೆಯಲ್ಲಿ ಅಮ್ಮ ಫೋನನ್ನು ಕಿಟಕಿಗೆ ಹಿಡಿದು, "ನೋಡೇ, ನೀನು ಕಳಿಸಿದ ಗಿಡ ಹೇಗೆ ನಗ್ತಾ ಇದೆ!" ಎಂದರು. ಚಿಕ್ಕವಳು ಅಲ್ಲಿಂದಲೇ ಚಪ್ಪಾಳೆ ತಟ್ಟಿದಳು. ಅಮ್ಮ ಇತ್ತ ತಿರುಗಿ ದೊಡ್ಡವಳಿಗೆ ಕಣ್ಣು ಮಿಟುಕಿಸಿದರು. ಹೊಟ್ಟೆ ಉರಿಸುವುದಕ್ಕೂ ಒಂದು ಮಿತಿ ಬೇಡವೇ ಎನ್ನಿಸಿತು ಅವಳಿಗೆ.

ದಿನಾ ಬೆಳಿಗ್ಗೆ ಬಂದು ಅಮ್ಮನ ತಲೆ ಬಾಚುವವಳು ಇವಳು. ತರಕಾರಿ ಹೆಚ್ಚಿಟ್ಟು, ತಿಂಡಿ ಬಾಯಿಗೆ ತುರುಕಿಕೊಂಡು ಕನ್ನಡಕದಂಗಡಿಗೆ ಓಡಿ, ಸಂಜೆಯವರೆಗೆ ಊರಿನವರ ಕಣ್ಣು ಪರೀಕ್ಷೆ ಮಾಡುವವಳು ಇವಳು. ಹೊಗಳಿಕೆ ಮಾತ್ರ ವಾರಕ್ಕೊಮ್ಮೆ ಮುಖ ತೋರಿಸುವವಳಿಗೆ. ಸತ್ತ ತನ್ನ ಗಿಡಕ್ಕಾಗಿ ಅಮ್ಮ ಒಂದೇ ಒಂದು ಸಲ 'ಅಯ್ಯೋ' ಎಂದಿದ್ದರೆ ಸಾಕಿತ್ತು. ಅಷ್ಟೂ ಇಲ್ಲ. ಅದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆರ್ಕಿಡ್ ಸುಲಭಕ್ಕೆ ಸಾಯುವ ಗಿಡವಲ್ಲ. ಮೊದಲು ಮೊಗ್ಗು ಉದುರಿದವು. ಮತ್ತೆರಡು ವಾರಕ್ಕೆ ದಪ್ಪ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದವು. ಅಮ್ಮ ಕುಂಡವನ್ನು ಬೆಳಕಿಗೆ ಸರಿಸಿದರು, ನೆರಳಿಗೆ ಸರಿಸಿದರು, ಎಡಗೈಯಲ್ಲೇ ಎಲೆ ಒರೆಸಿದರು. ದೊಡ್ಡವಳು ತಪ್ಪದೆ ನೀರು ಹಾಕಿದಳು.

ಕೊನೆಗೊಂದು ಬೆಳಿಗ್ಗೆ ಬಂದು ನೋಡಿದರೆ, ಅಮ್ಮ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದರು. ಗಿಡ ಬುಡದಲ್ಲೇ ಕಳಚಿ ಬಿದ್ದಿತ್ತು. ಕೈ ಮುರಿದಾಗಲೂ ಅಮ್ಮ ಹೀಗೆ ಅತ್ತಿರಲಿಲ್ಲ. ದೊಡ್ಡವಳಿಗೆ ಕನಿಕರ ಬರಬೇಕಿತ್ತು. ಬಂದದ್ದು ಇನ್ನಷ್ಟು ಹೊಟ್ಟೆಕಿಚ್ಚು.

"ಸಾಕು ಬಿಡಮ್ಮ. ಭಾನುವಾರ ಅವಳಿಗೆ ಹೇಳು, ಇನ್ನೊಂದು ಕಳಿಸ್ತಾಳೆ."

"ಅವಳು ಕಳಿಸಿದ್ದು ಮೊದಲನೇ ತಿಂಗಳೇ ಕೊಳೆತುಹೋಯ್ತಲ್ಲೇ," ಅಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡರು. "ದೂರದಲ್ಲಿರೋಳು, ನೊಂದ್ಕೋತಾಳೆ ಅಂತ ನಿನ್ನ ಗಿಡಾನೇ ಅವಳದ್ದು ಅಂತ ತೋರಿಸ್ದೆ. ನಿಂಗೆ ಕಣ್ಣು ಮಿಟುಕಿಸಿದ್ನಲ್ಲೇ!"