ಎರವಲು ತಂದ ಕನಸು

ಗಂಡನನ್ನು ಮಣ್ಣು ಮಾಡಿ, ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಅವಳು ಅವನ ಬಾಕ್ಸಿಂಗ್ ಸಾಮಾನಿನ ಚೀಲದಿಂದ ಆ ಕಾದಂಬರಿಯನ್ನು ಹೊರತೆಗೆದಳು. ಕನಸಿನ ಬೆನ್ನು ಹತ್ತಿದವನು ಗುರಿ ಮುಟ್ಟುವ ತನಕ ನಿಲ್ಲಬಾರದು ಎನ್ನುವ ಕಥೆ. ಅದನ್ನು ಓದಿಯೇ ಅವನು ಗುಮಾಸ್ತನ ಕೆಲಸ ಬಿಟ್ಟು ಪೂರ್ತಿ ಬಾಕ್ಸಿಂಗ್‌ಗೆ ಇಳಿದಿದ್ದ. ಮೊದಲ ಪಂದ್ಯದಲ್ಲೇ ಹೆಣವಾಗಿದ್ದ. ಆ ಪಂದ್ಯ ನೋಡಲು ಅವಳು ಹೋಗಿರಲಿಲ್ಲ.

ಅತ್ತೆ ಪುಸ್ತಕ ಕಿತ್ತುಕೊಂಡು ಗೋಡೆಗೆ ಎಸೆದರು. “ಸುಟ್ಟು ಹಾಕೇ ಅದನ್ನ! ನನ್ನ ಮಗನ್ನ ತಿಂದಿದ್ದು ಅದೇ.”

“ಸುಮ್ನಿರಮ್ಮ,” ಎಂದ ಮೈದುನ. “ಅಣ್ಣ ನಗೋಕೆ ಶುರು ಮಾಡಿದ್ದೇ ಅದನ್ನ ಓದಿದ ಮೇಲೆ.”

“ಎರವಲು ತಂದಿದ್ದು. ಕೊಟ್ಟು ಬರ್ತೀನಿ,” ಎಂದಳು ಅವಳು.

ಮೊದಲ ಪುಟದಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದಳು. ಬಾಗಿಲು ತೆರೆದ ತರುಣ ಅವಳ ಕೈಯಲ್ಲಿದ್ದ ಪುಸ್ತಕ ಕಂಡು ತಲೆ ತಗ್ಗಿಸಿದ.

“ನಾವಿಬ್ರೂ ಒಟ್ಟಿಗೆ ಪ್ರಾಕ್ಟೀಸ್ ಮಾಡ್ತಿದ್ವಿ ಅಕ್ಕ. ಓದಿ ಅಂತ ನಾನೇ ಕೊಟ್ಟಿದ್ದು.”

“ಅತ್ತೆ ಸುಡು ಅಂತಾರೆ, ಮೈದುನ ಪೂಜೆ ಮಾಡು ಅನ್ನೋ ಹಾಗೆ ಆಡ್ತಾನೆ. ನೀವು ಇದನ್ನ ನಂಬಿದ್ರಾ?”

ಅವನು ಪಟ್ಟಿ ಕಟ್ಟಿದ್ದ ಬಲಗೈಯನ್ನು ಚಾಚಿ ಪುಸ್ತಕ ತೆಗೆದುಕೊಂಡ.

“ನಂಬಿದ್ದೆ ಅಕ್ಕ. ಅದಕ್ಕೇ ಆವತ್ತು ಪಂದ್ಯದಲ್ಲಿ ನಿಮ್ಮವರು ಸಾಕು ಅಂತ ಕೈ ಇಳಿಸಿದ ಮೇಲೂ ನಾನು ಹೊಡೆಯೋದು ನಿಲ್ಲಿಸಲಿಲ್ಲ.”