ಕೆಂಪು ಕಾಯಿಯ ಫೌಲು

ಮೊಮ್ಮಗ ಕೇರಂ ಬೋರ್ಡಿಗೆ ಬೋರಿಕ್ ಪುಡಿ ಉದುರಿಸಿದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಹರಿಹರದಲ್ಲಿ ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯ ವಿಶ್ರಾಂತಿ ಕೋಣೆಯಲ್ಲಿ ಅದೇ ಪುಡಿ ಹರಡಿದ ಬೋರ್ಡೊಂದು ಇತ್ತು. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಭಾನುವಾರ ಮಧ್ಯಾಹ್ನ, ನನ್ನೆದುರೇ, ಅಪ್ಪನಿಗೂ ಅವನ ಗೆಳೆಯ, ಭಾನುವಳ್ಳಿಯ ರುದ್ರಣ್ಣನಿಗೂ ಪಂದ್ಯದ ಕೊನೆಯ ಆಟ. ರುದ್ರಣ್ಣನ ಒಂದೇ ಏಟಿಗೆ ಅವನ ಕೊನೆಯ ಬಿಳಿ ಕಾಯಿಯೂ ಕೆಂಪು ಕಾಯಿಯೂ ಒಟ್ಟಿಗೆ ಬಿದ್ದವು.

“ಫೌಲು! ಕೆಂಪು ಬಿದ್ದ ಮ್ಯಾಲೆ ಇನ್ನೊಂದು ಕಾಯಿ ಹಾಕ್ಬೇಕು. ನಿನ್ನತ್ರ ಎಲ್ಲೈತೆ?” ಎಂದ ಅಪ್ಪ.

“ಎರಡೂ ಜತೀಗೆ ಬಿದ್ರೆ ಗೆದ್ದಂಗೆ. ಸೋತೆ ಅನ್ನಾಕ ಯಾಕ ಇಷ್ಟು ಸಂಕಟ ಪಡ್ತೀಯೋ?” ಎಂದು ರುದ್ರಣ್ಣ ನಕ್ಕ.

ಬೋರ್ಡಿನ ಜೊತೆ ಬಂದಿದ್ದ ನಿಯಮದ ಹಾಳೆ ಇಂಗ್ಲಿಷಿನಲ್ಲಿತ್ತು. “ನನ್ನ ಮಗ ಇಂಗ್ಲಿಷ್ ಕಲೀತಾನೆ, ಅವ್ನೇ ಓದ್ಲಿ,” ಎಂದು ಅಪ್ಪ ಅದನ್ನು ನನ್ನ ಕೈಗಿಟ್ಟ. ಅಕ್ಷರಗಳ ಗುರುತು ಸಿಗುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಆಟ ನೋಡಲು ಸೇರಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸಾಲುಗಳ ಮೇಲೆ ಬೆರಳು ಎಳೆದು, “ಫೌಲು ಅಂತ ಐತೆ,” ಎಂದೆ.

“ಎಲ್ಲೈತೆ, ತೋರ್ಸು ಮಗಾ,” ಎಂದ ರುದ್ರಣ್ಣ.

ಯಾವುದೋ ಒಂದು ಸಾಲು ತೋರಿಸಿದೆ. ಓದು ಬಾರದ ಅವನು ಬಗ್ಗಿ ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕಾಯಿಗಳನ್ನು ತಾನೇ ತೆಗೆದು ಬೋರ್ಡಿನ ನಡುವೆ ಇಟ್ಟ. “ಓದಿದ ಹುಡ್ಗ ಹೇಳಿದ ಮ್ಯಾಲೆ ಆತು ಬಿಡ್ರಿ,” ಎಂದ.

ಅಪ್ಪ ಗೆದ್ದ. ಗುತ್ತೂರಿನ ನಮ್ಮ ಮನೆ ಮುಟ್ಟುವವರೆಗೂ ದಾರಿಯಲ್ಲಿ ಸಿಕ್ಕವರಿಗೆಲ್ಲ, “ನಮ್ಮ ಹುಡ್ಗ ಇಂಗ್ಲಿಷ್ ಓದಿ ನ್ಯಾಯ ಹೇಳಿದ ನೋಡ್ರಿ,” ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ ಹಿಂದೆ ನಡೆದೆ.

ಮುಂದೆ ಶಾಲೆ ಬಿಟ್ಟು ಅದೇ ಕಾರ್ಖಾನೆಗೆ ಸೇರಿದಾಗ, ನನ್ನ ಕೈ ಹಿಡಿದು ಕೆಲಸ ಕಲಿಸಿದವನು ರುದ್ರಣ್ಣ. ಆ ಆಟದ ಮಾತನ್ನು ಅವನು ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.