ಪಕ್ಕದ ಸೀಟು

ಆಕ್ಲೆಂಡ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೈಗೆ ಬಂದ ಎರಡು ಬೋರ್ಡಿಂಗ್ ಪಾಸುಗಳನ್ನು ನೋಡಿ ಫೆಲೆತಿಯ ಎದೆ ಧಸಕ್ಕೆಂದಿತು. ಅವನಿಗೂ ಅವನ ಅಕ್ಕ ಮೆಲೆನೈತೆಗೂ ಅಕ್ಕಪಕ್ಕದ ಸೀಟು.

"ಅಮ್ಮಾ, ಇದನ್ನ ಬದಲಾಯಿಸಿ ಕೊಡಮ್ಮ. ನಮ್ಮಿಬ್ಬರನ್ನ ದೂರ ದೂರ ಕೂರಿಸು," ಎಂದು ಕೌಂಟರಿನವಳನ್ನು ಬೇಡಿದ.

"ಯಾಕೆ ಸರ್, ಹೆಂಡ್ತಿ ಜೊತೆ ಜಗಳಾನಾ?" ಕೌಂಟರಿನ ಹುಡುಗಿ ನಕ್ಕಳು.

"ಹೆಂಡ್ತಿ ಅಲ್ಲಮ್ಮ, ನಮ್ಮಕ್ಕ!"

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ! ವಿಮಾನ ಪೂರ್ತಿ ತುಂಬಿದೆ. ಬೇಕಾದ ಸೀಟು ಬೇಕು ಅಂದ್ರೆ ಟಿಕೆಟ್ ಜೊತೆಗೇ ದುಡ್ಡು ಕಟ್ಟಬೇಕಿತ್ತು."

ಟೊಂಗಾದವರಲ್ಲಿ ದೊಡ್ಡವರಾದ ಅಕ್ಕ ತಮ್ಮ ಒತ್ತಿಕೊಂಡು ಕೂರುವುದಿಲ್ಲ. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವುದಿಲ್ಲ, ಮೈಕೈ ನೋವಿನ ಮಾತು ಆಡುವುದಿಲ್ಲ. ಅಕ್ಕನಿಗೆ ತಮ್ಮ ಕೊಡುವ ಮರ್ಯಾದೆ ಅದು. ಮೀಸೆ ಮೂಡಿದಂದಿನಿಂದ ಫೆಲೆತಿ ಅದನ್ನು ಮೀರಿದವನಲ್ಲ. ಆದರೆ ಅಗ್ಗದ ಟಿಕೆಟ್ ಕಂಡಾಗ ಬುದ್ಧಿ ಎಲ್ಲಿಗೆ ಹೋಗಿತ್ತೋ, ಎಲ್ಲಿ ಕೂತರೇನು ಎಂದು ಸೀಟಿನ ದುಡ್ಡನ್ನೂ ಉಳಿಸಿದ್ದ. ಅಮೆರಿಕದಲ್ಲಿ ಅವನ ಮಗಳ ಮದುವೆ. ಸೋದರತ್ತೆ ಬಂದು ಎದುರಿಗೆ ಕೂರದೆ ಆ ಮದುವೆ ನಡೆಯುವ ಹಾಗಿಲ್ಲ.

ಟಿಕೆಟ್ ಕೊಳ್ಳುವಾಗ ಮೆಲೆನೈತೆ ಕೇಳಿಯೂ ಇದ್ದಳು. "ದೊಡ್ಡ ಕಂಪನಿ ವಿಮಾನದಲ್ಲೇ ಹೋಗೋಣ್ವೇನೋ? ಸೀಟು ಅಗಲವಂತೆ, ಚೆನ್ನಾಗಿ ನೋಡ್ಕೋತಾರಂತೆ."

"ಅವರ ಒಂದು ಕಂಬಳಿ, ಒಣಕಲು ಬ್ರೆಡ್ಡಿಗೆ ಅಷ್ಟು ದುಡ್ಡಾ ಅಕ್ಕಾ? ಅದರಲ್ಲಿ ಮದುವೆ ಊಟಕ್ಕೆ ಇನ್ನೆರಡು ಹಂದಿ ಬರುತ್ತೆ. ಹನ್ನೆರಡು ಗಂಟೆ ತಾನೇ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಕಳೆದುಹೋಗುತ್ತೆ."

ಅವಳು ಆಗಲಿ ಎಂದಳು. ತನ್ನ ಎಡಗಾಲು ಆಗಾಗ ಊದಿ ಕಲ್ಲಿನಂತಾಗುತ್ತದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ತಮ್ಮನ ಮುಂದೆ ಹೇಗೆ ಹೇಳಿಯಾಳು?

ವಿಮಾನದಲ್ಲಿ ಫೆಲೆತಿ ಸೀಟು ಬದಲಾಯಿಸಿಕೊಳ್ಳುವಂತೆ ಮುಂದಿನ ಸಾಲಿನವನನ್ನು ಬೇಡಿ ನೋಡಿದ. "ಕಿಟಕಿಗೆ ಅಂತ ದುಡ್ಡು ಕೊಟ್ಟಿದ್ದೀನಿ ಮಾರಾಯ," ಎಂದು ಅವನು ಕಣ್ಣು ಮುಚ್ಚಿಕೊಂಡ. ಅಕ್ಕ ತಮ್ಮ ಇಬ್ಬರದೂ ಭಾರೀ ಮೈ. ಆ ಸೀಟುಗಳೋ, ಮಕ್ಕಳಿಗೆ ಮಾಡಿಸಿದ ಹಾಗಿದ್ದವು. ಫೆಲೆತಿ ಕಿಟಕಿಗೆ ಅಂಟಿ ಕೂತು ಕೋಟನ್ನು ಮುಖದ ಮೇಲೆ ಎಳೆದುಕೊಂಡ. ಮೆಲೆನೈತೆ ಮೊಣಕಾಲನ್ನು ಮುಂದಿನ ಸೀಟಿಗೆ ಒತ್ತಿ, ಓಡಾಡುವ ಓಣಿಯ ಕಡೆ ತಿರುಗಿ, ಅಲ್ಲಾಡದೆ ಕೂತಳು. ಕೆಸುವಿನೆಲೆ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಿ ತಂದ ಮಾಂಸದ ಪೊಟ್ಟಣವನ್ನು ಇಬ್ಬರೂ ಬಿಚ್ಚಲಿಲ್ಲ. ಅವನು ಕೊಂಡು ಕೊಟ್ಟ ನೀರಿನ ಬಾಟಲಿಯನ್ನೂ ಅವಳು ತೆರೆಯಲಿಲ್ಲ. ನೀರು ಕುಡಿದರೆ ತಮ್ಮನ ಕಣ್ಣೆದುರೇ ಎದ್ದು ಶೌಚಕ್ಕೆ ಹೋಗಬೇಕಾಗುತ್ತದೆ.

ಅರ್ಧ ದಾರಿ ಕಳೆದಿರಬೇಕು, ಅವಳ ಉಸಿರು ಬದಲಾಯಿತು. ಫೆಲೆತಿ ಕೋಟಿನೊಳಗೇ ಕಿವಿಗೊಟ್ಟ. ಪ್ರಾರ್ಥನೆ ಇರಬಹುದು ಎಂದುಕೊಂಡ. ಪ್ರಾರ್ಥನೆಯಲ್ಲ. ಎಳೆದೆಳೆದು ಬಿಡುವ ಉಸಿರು. ಅವನಿಗೆ ಹೆದರಿಕೆಯಾಯಿತು. ಏನಾಯಿತು ಎಂದು ಕೇಳಲು ಬಾಯಿ ಬರಲಿಲ್ಲ. ಹೆಂಡತಿ ಮುಂಚೆಯೇ ಹೋಗಿ ಮದುವೆ ಕೆಲಸದಲ್ಲಿದ್ದಳು, ಅವಳಿದ್ದಿದ್ದರೆ ಕೇಳುತ್ತಿದ್ದಳು. ಸಹಾಯಕ್ಕೆ ಕರೆಯುವ ಗುಂಡಿ ಒತ್ತಿದ. ಎಷ್ಟೋ ಹೊತ್ತಿಗೆ ಗಗನಸಖಿ ಕಾರ್ಡು ಉಜ್ಜುವ ಯಂತ್ರ ಹಿಡಿದು ಬಂದಳು.

"ಏನು ಕೊಡ್ಲಿ ಸರ್?"

"ಏನೂ ಬೇಡಮ್ಮ. ನಮ್ಮಕ್ಕನ್ನ ಸ್ವಲ್ಪ ವಿಚಾರಿಸು."

"ಏನಂತ?"

"ಹೆಂಗಸರು ಹೆಂಗಸರನ್ನ ಏನು ಕೇಳ್ತಾರೋ ಅದು."

ಗಗನಸಖಿ ಬಗ್ಗಿ ಕೇಳಿದಳು. ತಮ್ಮನ ಕಿವಿ ಗೇಣು ದೂರದಲ್ಲಿತ್ತು. "ಏನಿಲ್ಲಮ್ಮ, ಚೆನ್ನಾಗಿದ್ದೀನಿ," ಎಂದಳು ಮೆಲೆನೈತೆ. ಗಗನಸಖಿ ಹೊರಟುಹೋದಳು.

ತಾನು ಎದ್ದು ಹಿಂದೆ ಹೋದರೆ ಅಕ್ಕ ಬಾಯಿ ಬಿಟ್ಟಾಳು ಎಂದು ಫೆಲೆತಿಗೆ ಹೊಳೆಯಿತು. ಆದರೆ ಎದ್ದು ಹೋಗಲು ಅವಳ ಕಾಲು ದಾಟಬೇಕು. ಅಕ್ಕನ ಕಾಲು ದಾಟುವುದುಂಟೆ? ಅವಳೇ ಏಳಲಿ ಎಂದು ಕಾದ. ಎಷ್ಟು ಕಾದನೋ, ಅಷ್ಟರಲ್ಲಿ ಅವಳ ತಲೆ ವಾಲಿ ಬಂದು ಅವನ ಭುಜದ ಮೇಲೆ ಬಿತ್ತು. ಅವನು ಕಲ್ಲಾಗಿ ಕೂತ. ನಿದ್ದೆಗಣ್ಣಲ್ಲಿ ಒರಗಿದ್ದಾಳೆ, ಎಚ್ಚರವಾದರೆ ನಾಚಿಕೆಯಿಂದ ಸತ್ತೇಹೋಗುತ್ತಾಳೆ ಎಂದು ಉಸಿರು ಬಿಗಿಹಿಡಿದ. ಕೊನೆಗೆ ಅವಳ ಹಣೆ ತಣ್ಣಗಿರುವುದು ಅಂಗಿಯ ಮೂಲಕವೇ ತಿಳಿಯಿತು.

"ಅಕ್ಕಾ! ಅಕ್ಕಾ!"

ಅವನ ಕೂಗಿಗೆ ಇಡೀ ವಿಮಾನ ಎದ್ದು ಕೂತಿತು. ಪ್ರಯಾಣಿಕರಲ್ಲೇ ಒಬ್ಬರು ಡಾಕ್ಟರು, ವಯಸ್ಸಾದ ಹೆಂಗಸು, ಓಡಿ ಬಂದರು. ಮೆಲೆನೈತೆಯನ್ನು ಓಣಿಯಲ್ಲಿ ಮಲಗಿಸಿ ಮೂಗಿಗೆ ಆಕ್ಸಿಜನ್ ಹಿಡಿದರು. ಲಂಗದ ಅಂಚು ಸರಿಸಿದವರೇ ಬೆಚ್ಚಿದರು.

"ಅಯ್ಯೋ, ಈ ಕಾಲು ನೋಡಿ! ರಕ್ತ ಹೆಪ್ಪುಗಟ್ಟಿದೆ. ಶ್ವಾಸಕೋಶಕ್ಕೂ ಹೋಗಿರಬೇಕು. ವಿಮಾನ ಇಳಿಸೋಕೆ ಹೇಳಿ ಬೇಗ!"

"ಎಲ್ಲಿ ಇಳಿಸೋದು ಮೇಡಂ? ಕೆಳಗೆ ಬರೀ ಸಮುದ್ರ," ಎಂದಳು ಗಗನಸಖಿ.

ಡಾಕ್ಟರು ನಾಡಿ ಹಿಡಿದುಕೊಂಡೇ ತಲೆಯೆತ್ತಿದರು. "ಯಾವಾಗಿಂದ ಹೀಗಿದೆ? ಪಕ್ಕದಲ್ಲಿ ಕೂತಿದ್ದವರು ನೀವೇ ತಾನೇ? ಇಷ್ಟು ಊದಿರೋದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

ಅಕ್ಕನ ಬರಿಗಾಲನ್ನು ನೋಡಬಾರದೆಂದು ಫೆಲೆತಿ ಆಗಲೇ ಕಿಟಕಿಯ ಕಡೆ ತಿರುಗಿಬಿಟ್ಟಿದ್ದ.

"ಹೇಗೆ ಬೀಳುತ್ತೆ ಡಾಕ್ಟ್ರೇ," ಎಂದ, "ನಾನು ಅವರ ತಮ್ಮ."